ಆ್ಯಪ್ ಅಪ್‌ಡೇಟ್ ಮಾಡಿದರೆ ಫೋನ್ ತುಂಬಿಹೋಗುತ್ತದೆಯೇ? ಆ್ಯಪ್ ಎಂಬ ಬುತ್ತಿಗಂಟಿನೊಳಗೆ ಏನಿದೆ?

"ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಲೇಬೇಡಿ. ಫೋನ್‌ನ ಜಾಗ ತುಂಬಿಸಿ, ಹೊಸ ಫೋನ್ ಕೊಳ್ಳುವಂತೆ ಮಾಡಲು ಕಂಪನಿಗಳು ಹೂಡಿರುವ ಆಟ ಇದು." "ಪ್ಲೇ ಸ್ಟೋರ್‌ಗೆ ಹೋಗುವುದೇ ಬೇಡ, ಈ ಎಪಿಕೆ ಫೈಲ್ ಒತ್ತಿ ಸಾಕು, ಅದೇ ಆ್ಯಪ್ ಬರುತ್ತದೆ." ಈ ಎರಡು ಬಗೆಯ ಸಲಹೆಗಳನ್ನು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ನೀವೂ ನೋಡಿರುತ್ತೀರಿ. 32 ಜಿಬಿಯ ಹಳೆಯ ಫೋನ್ ಇಟ್ಟುಕೊಂಡು, ದಿನವೂ "ಸ್ಟೋರೇಜ್ ತುಂಬಿದೆ" ಎಂಬ ಸೂಚನೆ ನೋಡುವವರಿಗೆ ಇವು ನಿಜವೆಂದೇ ಅನಿಸುತ್ತವೆ.

ಚುಟುಕಾಗಿ ಉತ್ತರ: ಆ್ಯಪ್‌ಗಳು ಹೆಚ್ಚು ಜಾಗ ತಿನ್ನುತ್ತವೆ ಎಂಬುದು ನಿಜ. ಅದಕ್ಕೆ ಕಾರಣ ಸಂಚಲ್ಲ, ಆ್ಯಪ್‌ಗಳನ್ನು ಕಟ್ಟುವ ವಿಧಾನ. ಅಪ್‌ಡೇಟ್ ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ. ಆ್ಯಪ್‌ಗಳನ್ನು ಹೀಗೆ ಕಟ್ಟುತ್ತಾರೆ ಎಂಬ ಕಾರಣಕ್ಕೇ ಅಪ್‌ಡೇಟ್ ಮಾಡುವುದು ಇನ್ನೂ ಮುಖ್ಯವಾಗುತ್ತದೆ. ಎಪಿಕೆ ಫೈಲ್ ಕುರಿತ ಸಲಹೆಯಂತೂ ನೇರವಾಗಿ ಅಪಾಯಕಾರಿ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಆ್ಯಪ್ ಎಂದರೆ ಏನು?

ಪರದೆಯ ಮೇಲೆ ಕಾಣುವುದು ಒಂದು ಪುಟ್ಟ ಚಿತ್ರ. ಅದರ ಹಿಂದೆ ಇರುವುದು ಒಂದು ದೊಡ್ಡ ಗಂಟು. ಆಂಡ್ರಾಯ್ಡ್‌ನಲ್ಲಿ ಈ ಗಂಟಿನ ಹೆಸರು ಎಪಿಕೆ. ಕಂಪ್ಯೂಟರ್‌ನಲ್ಲಿ ಹಲವು ಫೈಲ್‌ಗಳನ್ನು ಒಟ್ಟುಗೂಡಿಸಿ ಕಳಿಸಲು ಬಳಸುವ ಜಿಪ್ ಫೈಲ್ ಗೊತ್ತಲ್ಲ, ಎಪಿಕೆ ಮೂಲತಃ ಅದೇ ಬಗೆಯದು.

ಅದರೊಳಗೆ ಆ್ಯಪ್ ತಯಾರಕರು ಬರೆದ ಕೋಡ್ ಇರುತ್ತದೆ. ಚಿತ್ರಗಳು, ಐಕಾನ್‌ಗಳು, ಬೇರೆ ಬೇರೆ ಭಾಷೆಗಳ ಪಠ್ಯ ಇರುತ್ತದೆ. ಆ್ಯಪ್ ಯಾವ ಯಾವ ಅನುಮತಿ ಕೇಳುತ್ತದೆ ಎಂಬ ಪಟ್ಟಿ ಇರುತ್ತದೆ. ಇದನ್ನು ಯಾರು ಕಟ್ಟಿದರು ಎಂದು ಗುರುತಿಸುವ ಡಿಜಿಟಲ್ ಸಹಿ ಇರುತ್ತದೆ. ಇವುಗಳ ಜೊತೆಗೆ ಲೈಬ್ರರಿಗಳೂ ಇರುತ್ತವೆ. ಚಿತ್ರ ತೆರೆಯುವುದು, ವಿಡಿಯೊ ಓಡಿಸುವುದು, ಗುಟ್ಟಾಗಿ ಮಾಹಿತಿ ಕಳಿಸುವುದು ಮುಂತಾದ ಕೆಲಸಗಳಿಗೆ ಬೇರೆ ಯಾರೋ ಈಗಾಗಲೇ ಬರೆದಿಟ್ಟ ಸಿದ್ಧ ಕೋಡ್‌ಗೆ ಲೈಬ್ರರಿ ಎನ್ನುತ್ತಾರೆ. ಪ್ರತಿಯೊಂದು ಆ್ಯಪ್ ತಯಾರಕರೂ ಇವನ್ನೆಲ್ಲ ಮೊದಲಿನಿಂದ ಬರೆಯುವುದಿಲ್ಲ. ಸಿದ್ಧವಿರುವುದನ್ನು ತಂದು ತಮ್ಮ ಗಂಟಿಗೆ ಸೇರಿಸಿಕೊಳ್ಳುತ್ತಾರೆ.

ಉದಾಹರಣೆಗೆ, ಗೂಗಲ್‌ನ ಫ್ಲಟರ್ ಎಂಬ ಸಾಧನ ಬಳಸಿ ಕಟ್ಟಿದ ಪ್ರತಿ ಆಂಡ್ರಾಯ್ಡ್ ಆ್ಯಪ್ ತನ್ನೊಳಗೆ ಫ್ಲಟರ್‌ನ ಇಂಜಿನ್ ಅನ್ನು ಹೊತ್ತುಕೊಂಡೇ ಬರುತ್ತದೆ. ನಿಮ್ಮ ಫೋನ್‌ನಲ್ಲಿ ಅಂತಹ ಐದು ಆ್ಯಪ್ ಇದ್ದರೆ ಐದು ಇಂಜಿನ್ ಇರುತ್ತವೆ. ಒಂದು ಇನ್ನೊಂದರದ್ದನ್ನು ಬಳಸಿಕೊಳ್ಳುವುದಿಲ್ಲ.

ಪ್ರವಾಸಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೂ, ಹೋದಲ್ಲಿ ಛತ್ರದ ಊಟ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಆ್ಯಪ್‌ಗಳು ಬಹುಪಾಲು ಬುತ್ತಿ ಕಟ್ಟಿಕೊಂಡೇ ಬರುತ್ತವೆ.

ಎಲ್ಲವನ್ನೂ ಹೊತ್ತು ತರುವುದು ಯಾಕೆ?

ಇದರ ಹಿಂದೆ ಹಳೆಯ ಕಹಿ ಅನುಭವವಿದೆ. 1990ರ ದಶಕದಲ್ಲಿ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಲೈಬ್ರರಿ ಫೈಲನ್ನು ಹಂಚಿಕೊಂಡು ಬಳಸುತ್ತಿದ್ದವು. ಇವಕ್ಕೆ ಡಿಎಲ್‌ಎಲ್ ಫೈಲ್ ಎನ್ನುತ್ತಾರೆ. ಹೊಸ ಪ್ರೋಗ್ರಾಂ ಒಂದನ್ನು ಹಾಕಿದಾಗ ಅದು ತನಗೆ ಬೇಕಾದ ಆವೃತ್ತಿಯ ಡಿಎಲ್‌ಎಲ್ ತಂದು ಹಳೆಯದರ ಮೇಲೆ ಬರೆದುಬಿಡುತ್ತಿತ್ತು. ಆಗ ಅಲ್ಲಿಯವರೆಗೆ ಚೆನ್ನಾಗಿದ್ದ ಇನ್ನೊಂದು ಪ್ರೋಗ್ರಾಂ ಕೆಡುತ್ತಿತ್ತು. ಈ ಕಾಟಕ್ಕೆ ಪರಿಣತರು "ಡಿಎಲ್‌ಎಲ್ ನರಕ" ಎಂದೇ ಹೆಸರಿಟ್ಟಿದ್ದರು.

ಪ್ರತಿ ಆ್ಯಪ್ ತನಗೆ ಬೇಕಾದ್ದನ್ನು ತಾನೇ ತಂದರೆ ಈ ಜಗಳ ಇರುವುದಿಲ್ಲ. ಒಂದು ಆ್ಯಪ್ ಹಾಕಿದರೆ ಇನ್ನೊಂದು ಕೆಡುವುದಿಲ್ಲ, ತೆಗೆದರೂ ಬೇರೆಯದಕ್ಕೆ ತೊಂದರೆಯಿಲ್ಲ. ತಯಾರಕರು ತಮ್ಮಲ್ಲಿ ಯಾವ ಲೈಬ್ರರಿಯ ಜೊತೆ ಪರೀಕ್ಷೆ ಮಾಡಿದ್ದಾರೋ ಅದೇ ನಿಮ್ಮ ಫೋನ್‌ನಲ್ಲೂ ಓಡುತ್ತದೆ. ಹತ್ತಾರು ಕಂಪನಿಗಳ ನೂರಾರು ಮಾದರಿಯ ಫೋನ್‌ಗಳಿರುವ ಆಂಡ್ರಾಯ್ಡ್ ಲೋಕದಲ್ಲಿ ಇದು ಸಣ್ಣ ಅನುಕೂಲವಲ್ಲ.

ಕನ್ನಡಿಗರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ಆರಂಭದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದುದು ನೆನಪಿದೆಯೇ? 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸಿಕ್ಕಿತು. ಅದಕ್ಕೂ ಮುಂಚಿನ ಫೋನ್‌ನಲ್ಲಿ ಕನ್ನಡ ತೋರಿಸಬೇಕೆಂದರೆ ಫೋನ್ ಕೊಡುವ ಸೌಲಭ್ಯವನ್ನು ನಂಬಿ ಕೂರುವಂತಿರಲಿಲ್ಲ. ಅಕ್ಷರಗಳನ್ನೂ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆಯನ್ನೂ ಆ್ಯಪ್ ತಾನೇ ಹೊತ್ತು ತರಬೇಕಿತ್ತು. ಛತ್ರದಲ್ಲಿ ನಮ್ಮ ಊಟ ಸಿಗದಿದ್ದಾಗ ಬುತ್ತಿಯೇ ಗತಿ.

ಮೊದಲ ಬೆಲೆ: ಜಾಗ

ಒಂದೇ ಬಗೆಯ ಲೈಬ್ರರಿ ಹತ್ತು ಆ್ಯಪ್‌ಗಳಲ್ಲಿ ಹತ್ತು ಸಲ ಇದ್ದರೆ ಜಾಗವೂ ಹತ್ತು ಸಲ ಖರ್ಚಾಗುತ್ತದೆ. ಇಷ್ಟು ಸರಳ.

ಕೆಲವೊಮ್ಮೆ ಈ ಭಾರವನ್ನು ಇಳಿಸಿದ್ದೂ ಇದೆ. ಐಫೋನ್ ಆ್ಯಪ್‌ಗಳನ್ನು ಬರೆಯಲು ಸ್ವಿಫ್ಟ್ ಎಂಬ ಭಾಷೆ ಬಳಸುತ್ತಾರೆ. 2019ರ ಮಾರ್ಚ್‌ವರೆಗೆ ಈ ಭಾಷೆಯಲ್ಲಿ ಬರೆದ ಪ್ರತಿ ಆ್ಯಪ್ ಸ್ವಿಫ್ಟ್‌ನ ಮೂಲ ಲೈಬ್ರರಿಗಳನ್ನು ತನ್ನೊಳಗೇ ಇಟ್ಟುಕೊಂಡು ಬರಬೇಕಿತ್ತು. ಆ ತಿಂಗಳು ಬಂದ ಐಒಎಸ್ 12.2ರಲ್ಲಿ ಆ್ಯಪಲ್ ಆ ಲೈಬ್ರರಿಗಳನ್ನು ಫೋನ್‌ನ ವ್ಯವಸ್ಥೆಯೊಳಗೇ ಇಟ್ಟಿತು. ಆ ಬಳಿಕ ಅಂತಹ ಆ್ಯಪ್‌ಗಳ ಡೌನ್‌ಲೋಡ್ ಗಾತ್ರ ಕಡಿಮೆಯಾಯಿತು.

ಇನ್ನು ಫಾರ್ವರ್ಡ್‌ನ ಮಾತಿಗೆ ಬರೋಣ. "ಅಪ್‌ಡೇಟ್ ಮಾಡಿದಂತೆಲ್ಲ ಹಳೆಯದರ ಮೇಲೆ ಹೊಸದು ಪೇರಿಸಿಕೊಳ್ಳುತ್ತದೆ" ಎಂದು ಹಲವರು ನಂಬಿದ್ದಾರೆ. ನೀವೇ ಹಾಕಿಕೊಂಡ ಆ್ಯಪ್‌ಗಳ ವಿಷಯದಲ್ಲಿ ಇದು ಸುಳ್ಳು. ಹೊಸ ಗಂಟು ಬಂದಾಗ ಹಳೆಯ ಗಂಟನ್ನು ತೆಗೆದುಹಾಕಲಾಗುತ್ತದೆ. ಡೇಟಾ ಉಳಿಸಲು ಪ್ಲೇ ಸ್ಟೋರ್ ಸಾಮಾನ್ಯವಾಗಿ ಬದಲಾದ ಭಾಗವನ್ನಷ್ಟೇ ಇಳಿಸಿಕೊಂಡು ಹೊಸ ಆವೃತ್ತಿಯನ್ನು ಜೋಡಿಸುತ್ತದೆ. ಆದರೆ ಅಪ್‌ಡೇಟ್ ನಡೆಯುವ ಹೊತ್ತಿನಲ್ಲಿ ಹಳೆಯದೂ ಹೊಸದೂ ಸ್ವಲ್ಪ ಕಾಲ ಒಟ್ಟಿಗೆ ಇರಬೇಕಾಗುತ್ತದೆ. "ಸಾಕಷ್ಟು ಜಾಗವಿಲ್ಲ" ಎಂಬ ಸೂಚನೆ ಬರುವುದು ಅದಕ್ಕೇ.

ಈ ನಂಬಿಕೆಯಲ್ಲಿ ಒಂದಿಷ್ಟು ನಿಜವೂ ಇದೆ. ಫೋನ್ ಕೊಂಡಾಗಲೇ ಅದರಲ್ಲಿದ್ದ, ತೆಗೆಯಲು ಬಾರದ ಆ್ಯಪ್‌ಗಳ ಮೂಲ ಪ್ರತಿ ಫೋನ್‌ನ ಮುಟ್ಟಲಾಗದ ಭಾಗದಲ್ಲಿರುತ್ತದೆ. ಅವುಗಳಿಗೆ ಅಪ್‌ಡೇಟ್ ಬಂದಾಗ ಮೂಲ ಪ್ರತಿ ಅಲ್ಲೇ ಉಳಿದು, ಹೊಸ ಪ್ರತಿ ನಿಮ್ಮ ಜಾಗದಲ್ಲಿ ಕೂರುತ್ತದೆ. ಅಂತಹ ಆ್ಯಪ್‌ಗಳಲ್ಲಿ "ಅಪ್‌ಡೇಟ್‌ಗಳನ್ನು ತೆಗೆದುಹಾಕಿ" ಎಂಬ ಆಯ್ಕೆ ಕಾಣುವುದು ಈ ಕಾರಣಕ್ಕೆ. ಎರಡು ಪ್ರತಿ ಇರುತ್ತವೆ ಎಂಬುದು ನಿಜ. ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಅವು ಎರಡೇ, ಮೂರು ನಾಲ್ಕು ಆಗುವುದಿಲ್ಲ.

ಇನ್ನೊಂದು ಗೊಂದಲ: ಪ್ಲೇ ಸ್ಟೋರ್‌ನಲ್ಲಿ ಕಡಿಮೆ ಎಂಬಿ ತೋರಿಸಿದ ಆ್ಯಪ್, ಫೋನ್‌ಗೆ ಬಂದ ಮೇಲೆ ಅದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. ಡೌನ್‌ಲೋಡ್ ಆಗುವಾಗ ಗಂಟು ಅಮುಕಿದ ಸ್ಥಿತಿಯಲ್ಲಿರುತ್ತದೆ. ಬಿಚ್ಚಿದಾಗ ಹಿಗ್ಗುತ್ತದೆ. ಬೇಗ ಓಡಲಿ ಎಂದು ಆಂಡ್ರಾಯ್ಡ್ ಅದರ ಕೋಡ್ ಅನ್ನು ನಿಮ್ಮ ಫೋನ್‌ಗೆ ಹೊಂದುವಂತೆ ಮೊದಲೇ ಬದಲಿಸಿ ಇಟ್ಟುಕೊಳ್ಳುತ್ತದೆ. ಅದಕ್ಕೂ ಜಾಗ ಬೇಕು. ಬಳಸುತ್ತಾ ಹೋದಂತೆ ಕ್ಯಾಶೆ ಮತ್ತು ನಿಮ್ಮ ಡೇಟಾ ಸೇರುತ್ತವೆ.

ಎರಡನೆಯ ಬೆಲೆ: ರಿಪೇರಿ

ಜಾಗಕ್ಕಿಂತ ದೊಡ್ಡ ಬೆಲೆ ಇದು. ಫಾರ್ವರ್ಡ್‌ಗಳು ಇದರ ಬಗ್ಗೆ ಮಾತನಾಡುವುದೇ ಇಲ್ಲ.

ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಸ್ಟಿಕ್ಕರ್‌ಗಳು ವೆಬ್‌ಪಿ ಎಂಬ ಮಾದರಿಯ ಚಿತ್ರಗಳು. ಗೂಗಲ್ 2010ರಲ್ಲಿ ಪರಿಚಯಿಸಿದ ಈ ಮಾದರಿ ಈಗ ಇಂಟರ್ನೆಟ್ ತುಂಬ ಇದೆ. ಇಂತಹ ಚಿತ್ರವನ್ನು ಬಿಚ್ಚಿ ತೋರಿಸಲು ಲಿಬ್‌ವೆಬ್‌ಪಿ ಎಂಬ ಲೈಬ್ರರಿ ಇದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ್ದರಿಂದ ಬ್ರೌಸರ್‌ಗಳಿಂದ ಹಿಡಿದು ಚಾಟ್ ಆ್ಯಪ್‌ಗಳವರೆಗೆ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಇದನ್ನು ತಮ್ಮ ಗಂಟಿಗೆ ಸೇರಿಸಿಕೊಂಡಿವೆ.

2023ರ ಸೆಪ್ಟೆಂಬರ್ 6ರಂದು ಆ್ಯಪಲ್‌ನ ಭದ್ರತಾ ತಂಡ ಮತ್ತು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಈ ಲೈಬ್ರರಿಯಲ್ಲಿದ್ದ ಗಂಭೀರ ದೋಷವೊಂದನ್ನು ಗೂಗಲ್‌ಗೆ ವರದಿ ಮಾಡಿದವು. ಬೇಕೆಂದೇ ಕೆಡಿಸಿ ತಯಾರಿಸಿದ ಚಿತ್ರವೊಂದನ್ನು ತೆರೆದಾಗ, ಲೈಬ್ರರಿ ತನಗೆ ಮೀಸಲಾದ ಮೆಮೊರಿಯ ಗಡಿ ದಾಟಿ ಬರೆಯುತ್ತಿತ್ತು. ಆ ಸಂದಿಯಲ್ಲಿ ದಾಳಿಕೋರರು ತಮ್ಮ ಕೋಡ್ ನುಗ್ಗಿಸುವ ಸಾಧ್ಯತೆಯಿತ್ತು. ದೋಷವನ್ನು ಆಗಲೇ ಯಾರೋ ದುರ್ಬಳಕೆ ಮಾಡುತ್ತಿದ್ದಾರೆ ಎಂದು ಗೂಗಲ್ ಒಪ್ಪಿಕೊಂಡಿತು. ಸೆಪ್ಟೆಂಬರ್ 11ರಂದು ಕ್ರೋಮ್‌ಗೆ, ಮರುದಿನ ಫೈರ್‌ಫಾಕ್ಸ್‌ಗೆ ಸರಿಪಡಿಸಿದ ಆವೃತ್ತಿ ಬಂತು.

ಆರಂಭದಲ್ಲಿ ಇದು ಕ್ರೋಮ್‌ನ ದೋಷ ಎಂದೇ ದಾಖಲಾಗಿತ್ತು. ದೋಷ ಇದ್ದದ್ದು ಲೈಬ್ರರಿಯಲ್ಲಿ. ಅಂದರೆ ಅದನ್ನು ಹೊತ್ತು ತಂದ ಪ್ರತಿ ಆ್ಯಪ್‌ನಲ್ಲೂ ಅದೇ ದೋಷದ ಒಂದೊಂದು ಪ್ರತಿ ಇತ್ತು. ಡೆಬಿಯನ್‌ನಂತಹ ಲಿನಕ್ಸ್ ವ್ಯವಸ್ಥೆಗಳಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಲಿಬ್‌ವೆಬ್‌ಪಿಯನ್ನು ಹಂಚಿಕೊಳ್ಳುತ್ತವೆ. ಅಲ್ಲಿ ಆ ಒಂದನ್ನು ಬದಲಿಸಿದರೆ ಹಂಚಿಕೊಂಡವೆಲ್ಲ ಸರಿಯಾದವು. ಸ್ವಂತ ಪ್ರತಿ ಇಟ್ಟುಕೊಂಡ ಆ್ಯಪ್‌ಗಳ ಕಥೆ ಬೇರೆ. ಕಂಪ್ಯೂಟರ್‌ನಲ್ಲಿ ಬಳಸುವ ಸ್ಲ್ಯಾಕ್, ಡಿಸ್ಕಾರ್ಡ್, ಸಿಗ್ನಲ್‌ನಂತಹ ಆ್ಯಪ್‌ಗಳು ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಕಟ್ಟಿದವು. ಅವುಗಳಲ್ಲಿ ಪ್ರತಿಯೊಂದೂ ತನ್ನೊಳಗೆ ಕ್ರೋಮ್‌ನ ಮೂಲವಾದ ಕ್ರೋಮಿಯಂ ಅನ್ನೇ ಹೊತ್ತುಕೊಂಡಿರುತ್ತದೆ. ನಿಮ್ಮ ಕ್ರೋಮ್ ಅಪ್‌ಡೇಟ್ ಆದರೂ ಅವುಗಳೊಳಗಿನ ಪ್ರತಿ ಸರಿಯಾಗುವುದಿಲ್ಲ. ಮೊದಲು ಎಲೆಕ್ಟ್ರಾನ್ ಸರಿಯಾಗಬೇಕು, ನಂತರ ಆ್ಯಪ್ ತಯಾರಕರು ಹೊಸ ಗಂಟು ಕಟ್ಟಬೇಕು, ಕೊನೆಗೆ ನೀವು ಅದನ್ನು ಹಾಕಿಕೊಳ್ಳಬೇಕು.

ಇಲ್ಲೊಂದು ಸ್ಪಷ್ಟನೆ. ಸ್ಟಿಕ್ಕರ್ ತೆರೆದು ಯಾರದೋ ವಾಟ್ಸ್‌ಆ್ಯಪ್ ಹ್ಯಾಕ್ ಆಯಿತು ಎಂದು ನಾವು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ನಾವು ಹೇಳುತ್ತಿರುವುದು ಇಷ್ಟೇ: ಬುತ್ತಿಯೊಳಗಿನ ಪದಾರ್ಥ ಹಳಸಿದರೆ ಅದನ್ನು ಬದಲಿಸುವ ಅಧಿಕಾರ ಬುತ್ತಿ ಕಟ್ಟಿದವರಿಗೆ ಮಾತ್ರ ಇದೆ. ಬದಲಿಸಿದ್ದು ನಿಮ್ಮ ಕೈಸೇರುವ ದಾರಿಯೇ ಅಪ್‌ಡೇಟ್. "ಅಪ್‌ಡೇಟ್ ಮಾಡಬೇಡಿ" ಎಂಬ ಸಲಹೆ ಆ ದಾರಿಯನ್ನೇ ಮುಚ್ಚುತ್ತದೆ.

ಹಾಗಾದರೆ ಎಲ್ಲವನ್ನೂ ಹಂಚಿಕೊಂಡರೆ ಆಗದೇ?

ಹಂಚಿಕೊಳ್ಳುವುದಕ್ಕೂ ಒಂದು ಬೆಲೆ ಇದೆ. ಆಂಡ್ರಾಯ್ಡ್‌ನಲ್ಲಿ ವೆಬ್‌ವ್ಯೂ ಎಂಬ ಭಾಗವಿದೆ. ಆ್ಯಪ್ ಒಳಗಿಂದಲೇ ವೆಬ್ ಪುಟ ತೋರಿಸಲು ಅಸಂಖ್ಯ ಆ್ಯಪ್‌ಗಳು ಇದೊಂದನ್ನೇ ಬಳಸುತ್ತವೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದ ಇದನ್ನು ಪ್ಲೇ ಸ್ಟೋರ್ ಮೂಲಕವೇ ಅಪ್‌ಡೇಟ್ ಮಾಡಬಹುದು. ಒಂದು ಅಪ್‌ಡೇಟ್ ಬಂದರೆ ಇದನ್ನು ಬಳಸುವ ಆ್ಯಪ್‌ಗಳೆಲ್ಲ ಒಟ್ಟಿಗೆ ಸುರಕ್ಷಿತವಾಗುತ್ತವೆ. ಒಳ್ಳೆಯ ವ್ಯವಸ್ಥೆಯೇ.

ಆದರೆ 2021ರ ಮಾರ್ಚ್ 22-23ರಂದು ಏನಾಯಿತು ನೋಡಿ. ಜಗತ್ತಿನ ಹಲವೆಡೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಜಿಮೇಲ್ ಸೇರಿ ಅನೇಕ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗತೊಡಗಿದವು. ಆ ಆ್ಯಪ್‌ಗಳಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ಎಲ್ಲವೂ ಹಂಚಿಕೊಂಡಿದ್ದ ವೆಬ್‌ವ್ಯೂನಲ್ಲಿ. ಗೂಗಲ್ ಸರಿಪಡಿಸಿದ ಆವೃತ್ತಿ ಕೊಡುವವರೆಗೆ ಹಲವರು ವೆಬ್‌ವ್ಯೂನ ಅಪ್‌ಡೇಟನ್ನು ತೆಗೆದುಹಾಕಿ ಕೆಲಸ ನಡೆಸಿದರು. ಛತ್ರದ ಸಾಂಬಾರು ಕೆಟ್ಟರೆ ಪಂಕ್ತಿಯಲ್ಲಿ ಕೂತವರಿಗೆಲ್ಲ ಹೊಟ್ಟೆನೋವು.

ಹೀಗಾಗಿ ಇದು ಒಳ್ಳೆಯದು-ಕೆಟ್ಟದ್ದರ ಪ್ರಶ್ನೆಯಲ್ಲ. ಗಂಟು ಕಟ್ಟಿಕೊಂಡು ಬಂದರೆ ಒಂದರ ತೊಂದರೆ ಇನ್ನೊಂದಕ್ಕೆ ಅಂಟುವುದಿಲ್ಲ, ಆದರೆ ರಿಪೇರಿ ಒಂದೊಂದಾಗಿ ಆಗಬೇಕು. ಹಂಚಿಕೊಂಡರೆ ರಿಪೇರಿ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತವೆ. ನಿಮ್ಮ ಫೋನ್‌ನಲ್ಲಿ ಎರಡೂ ವಿಧಾನ ಬೆರೆತಿವೆ.

ಪ್ಲೇ ಸ್ಟೋರ್ ಹುಡುಕಿದ ನಡುದಾರಿ

ಜಾಗದ ಸಮಸ್ಯೆಗೆ ಗೂಗಲ್ 2018ರಲ್ಲಿ ಒಂದು ಉಪಾಯ ತಂದಿತು. ಹೆಸರು ಆ್ಯಪ್ ಬಂಡಲ್. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಬರುವ ಹೊಸ ಆ್ಯಪ್‌ಗಳಿಗೆ ಇದು ಕಡ್ಡಾಯ. ತಯಾರಕರು ಎಲ್ಲ ಸಾಮಾನನ್ನೂ ಗೂಗಲ್‌ಗೆ ಕೊಡುತ್ತಾರೆ. ಗೂಗಲ್ ನಿಮ್ಮ ಫೋನ್‌ನ ಪ್ರೊಸೆಸರ್, ಪರದೆ ಮತ್ತು ಭಾಷೆ ನೋಡಿ ಬೇಕಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಎಲ್ಲ ಫೋನ್‌ಗೂ ಸಲ್ಲುವ ಒಂದೇ ದೊಡ್ಡ ಗಂಟಿಗೆ ಹೋಲಿಸಿದರೆ ಇದರಿಂದ ಗಾತ್ರ ಸರಾಸರಿ ಶೇ. 15ರಷ್ಟು ಇಳಿಯುತ್ತದೆ ಎಂಬುದು ಗೂಗಲ್‌ನ ಲೆಕ್ಕ.

ಇದರ ಎರಡು ಪರಿಣಾಮಗಳನ್ನು ನೀವು ಗಮನಿಸಿರಬಹುದು. ಒಂದು, ಸ್ನೇಹಿತರ ಫೋನ್‌ನಿಂದ ಎಪಿಕೆ ತೆಗೆದು ಹಂಚಿಕೊಂಡ ಆ್ಯಪ್ ನಿಮ್ಮ ಫೋನ್‌ನಲ್ಲಿ ಕೂರುವುದಿಲ್ಲ, ಅಥವಾ ಕೂತರೂ ತೆರೆಯುವುದಿಲ್ಲ. ಅವರಿಗೆ ಬಂದದ್ದು ಅವರ ಫೋನ್‌ನ ಅಳತೆಗೆ ಹೊಲಿದ ಅಂಗಿ. ಅದರಲ್ಲೂ ಒಂದು ತುಂಡು ಮಾತ್ರ ನಿಮ್ಮ ಕೈಸೇರಿರಬಹುದು. ಎರಡು, ಫೋನ್ ಇಂಗ್ಲಿಷ್‌ನಲ್ಲಿದ್ದರೆ ಆ್ಯಪ್‌ನ ಕನ್ನಡ ಪಠ್ಯ ಕೆಲವೊಮ್ಮೆ ಇಳಿದೇ ಇರುವುದಿಲ್ಲ. ಫೋನ್‌ನ ಭಾಷಾ ಪಟ್ಟಿಗೆ ಕನ್ನಡ ಸೇರಿಸಿದರೆ ಪ್ಲೇ ಸ್ಟೋರ್ ಅದನ್ನು ತರುತ್ತದೆ. ಆ್ಯಪ್ ಒಳಗೇ ಭಾಷೆ ಬದಲಿಸುವ ಸೌಲಭ್ಯಕ್ಕೆ ತಯಾರಕರು ಪ್ರತ್ಯೇಕವಾಗಿ ವ್ಯವಸ್ಥೆ ಮಾಡಿರಬೇಕು.

ಫಾರ್ವರ್ಡ್‌ನಲ್ಲಿ ಬರುವ ಎಪಿಕೆ ಯಾಕೆ ಅಪಾಯ?

ಎಪಿಕೆ ಒಂದು ಪೂರ್ಣ ಗಂಟು. ಯಾವ ಅಂಗಡಿಯ ಹಂಗೂ ಇಲ್ಲದೆ ಒಂದು ಫೋನ್‌ನಿಂದ ಇನ್ನೊಂದಕ್ಕೆ ಹೋಗಿ ಕೆಲಸ ಮಾಡಬಲ್ಲದು. ಅನುಕೂಲವೂ ಅದೇ, ಅಪಾಯವೂ ಅದೇ. ದಾರಿಯಲ್ಲಿ ಯಾರಾದರೂ ಗಂಟು ಬಿಚ್ಚಿ, ಬೇರೇನನ್ನೋ ಸೇರಿಸಿ, ಅದೇ ಹೆಸರು ಅದೇ ಐಕಾನ್ ಇಟ್ಟು ಮತ್ತೆ ಕಟ್ಟಬಹುದು.

ಒಂದನ್ನು ಮಾತ್ರ ಅವರಿಂದ ನಕಲು ಮಾಡಲಾಗುವುದಿಲ್ಲ. ಅದು ಮೂಲ ತಯಾರಕರ ಡಿಜಿಟಲ್ ಸಹಿ. ಈಗಾಗಲೇ ಇರುವ ಆ್ಯಪ್‌ಗೆ ಅಪ್‌ಡೇಟ್ ಬಂದಾಗ ಆಂಡ್ರಾಯ್ಡ್ ಸಹಿ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದದಿದ್ದರೆ ಬಿಡುವುದಿಲ್ಲ. ಆದರೆ ನೀವು ಮೊದಲ ಸಲ ಹಾಕುತ್ತಿದ್ದರೆ, ಅಥವಾ "ಹಳೆಯದನ್ನು ತೆಗೆದು ಇದನ್ನು ಹಾಕಿ" ಎಂಬ ಮಾತು ಕೇಳಿದರೆ, ಹೋಲಿಸಲು ಹಳೆಯ ಸಹಿಯೇ ಇರುವುದಿಲ್ಲ. ಜಿಬಿ ವಾಟ್ಸ್‌ಆ್ಯಪ್‌ನಂತಹ ಮಾರ್ಪಡಿಸಿದ ಆ್ಯಪ್‌ಗಳು ಹರಡುವುದು ಹೀಗೆ. ಅವುಗಳಿಗೆ ಮೂಲ ಕಂಪನಿಯ ಅಪ್‌ಡೇಟ್ ಎಂದಿಗೂ ಬರುವುದಿಲ್ಲ. ಮೇಲೆ ಹೇಳಿದಂತಹ ದೋಷ ಪತ್ತೆಯಾದರೆ ಸರಿಪಡಿಸುವ ಹೊಣೆ ಯಾರದೂ ಅಲ್ಲ. ಜೊತೆಗೆ, ಅವನ್ನು ಬಳಸುವ ಖಾತೆಗಳನ್ನು ವಾಟ್ಸ್‌ಆ್ಯಪ್ ನಿರ್ಬಂಧಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆಗಳು. ಈ ಬಗೆಯ ವಂಚನೆಗಳ ಬಗ್ಗೆ ದೇಶದ ಹಲವೆಡೆ ಪೊಲೀಸರು ಎಚ್ಚರಿಕೆ ನೀಡಿದ್ದಾರೆ. ಒಮ್ಮೆ ಹಾಕಿ ಅನುಮತಿ ಕೊಟ್ಟರೆ ಇವು ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತವೆ. ಮುಂದೆ ನಿಮ್ಮ ಸಂಪರ್ಕದಲ್ಲಿರುವವರಿಗೂ ಅದೇ ಫೈಲ್ ಕಳಿಸುವುದುಂಟು. ಪರಿಚಿತರ ನಂಬರ್‌ನಿಂದ ಬಂತು ಎಂಬ ಒಂದೇ ಕಾರಣಕ್ಕೆ ನಂಬಬಾರದು ಎನ್ನುವುದು ಅದಕ್ಕೇ. ಗಟ್ಟಿಯಾಗಿ ನೆನಪಿಡಿ: ಮದುವೆ ಕಾರ್ಡ್ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೊ ಆಗಿಯೋ ಬರುತ್ತದೆ. ಅದನ್ನು ನೋಡಲು ಆ್ಯಪ್ ಹಾಕಿಕೊಳ್ಳುವ ಅಗತ್ಯವೇ ಇಲ್ಲ.

ಪ್ಲೇ ಸ್ಟೋರ್‌ನಲ್ಲಿ ಕೆಟ್ಟ ಆ್ಯಪ್ ಇರುವುದೇ ಇಲ್ಲ ಎಂದಲ್ಲ. ಅಲ್ಲೂ ನುಸುಳಿದ್ದುಂಟು. ಆದರೆ ಅಲ್ಲಿ ಪರಿಶೀಲನೆ ಇದೆ, ಪತ್ತೆಯಾದರೆ ತೆಗೆದುಹಾಕುತ್ತಾರೆ, ಅಪ್‌ಡೇಟ್ ಬರುವ ದಾರಿ ಇದೆ. ಫಾರ್ವರ್ಡ್ ಎಪಿಕೆಗೆ ಈ ಮೂರರಲ್ಲಿ ಒಂದೂ ಇಲ್ಲ.

ಜಾಗ ಕಡಿಮೆ ಇರುವವರು ಏನು ಮಾಡಬಹುದು?

• ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು ಜಾಗ ಎಲ್ಲಿ ಹೋಗಿದೆ ಎಂದು ಮೊದಲು ನೋಡಿ. ಆ್ಯಪ್‌ಗಳಿಗಿಂತ ಗ್ರೂಪ್‌ಗಳಲ್ಲಿ ಬಂದ ವಿಡಿಯೊ, ಫೋಟೊಗಳೇ ಹೆಚ್ಚು ತಿಂದಿರಬಹುದು.

• ತಿಂಗಳುಗಟ್ಟಲೆ ಮುಟ್ಟದ ಆ್ಯಪ್‌ಗಳನ್ನು ತೆಗೆದುಹಾಕಿ. ಹತ್ತು ಆ್ಯಪ್‌ಗಳ ಅಪ್‌ಡೇಟ್ ನಿಲ್ಲಿಸುವುದಕ್ಕಿಂತ ಬೇಡದ ಎರಡನ್ನು ತೆಗೆಯುವುದು ಮೇಲು.

• ತೆಗೆಯಲು ಮನಸ್ಸಿಲ್ಲದಿದ್ದರೆ ಆರ್ಕೈವ್ ಮಾಡಿ. 2023ರಿಂದ ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳು ತಾವಾಗಿಯೇ ಆರ್ಕೈವ್ ಆಗುವ ಸೌಲಭ್ಯವಿದೆ. ಐಕಾನ್ ಮತ್ತು ನಿಮ್ಮ ಡೇಟಾ ಉಳಿದು, ಆ್ಯಪ್‌ನ ಬಹುಭಾಗ ಹೋಗುತ್ತದೆ. ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು.

• ಎಲ್ಲವನ್ನೂ ಅಪ್‌ಡೇಟ್ ಮಾಡಲು ಡೇಟಾ ಸಾಲದಿದ್ದರೆ ಬ್ರೌಸರ್, ವೆಬ್‌ವ್ಯೂ, ಚಾಟ್ ಆ್ಯಪ್‌ಗಳು ಮತ್ತು ಬ್ಯಾಂಕ್, ಯುಪಿಐ ಆ್ಯಪ್‌ಗಳಿಗೆ ಮೊದಲ ಸ್ಥಾನ ಕೊಡಿ. ಅಪರಿಚಿತರು ಕಳಿಸಿದ್ದನ್ನು ತೆರೆಯುವುದು ಅಥವಾ ಹಣ ಮುಟ್ಟುವುದು ಇವೇ.

• ಸೆಟ್ಟಿಂಗ್ಸ್‌ನಲ್ಲಿ "ಅಪರಿಚಿತ ಆ್ಯಪ್‌ಗಳ ಇನ್‌ಸ್ಟಾಲ್" ಎಂಬ ಪಟ್ಟಿ ನೋಡಿ. ಅಲ್ಲಿ ವಾಟ್ಸ್‌ಆ್ಯಪ್‌ಗಾಗಲಿ ಬ್ರೌಸರ್‌ಗಾಗಲಿ ಅನುಮತಿ ಇದ್ದರೆ ತೆಗೆದುಬಿಡಿ. ಮನೆಯ ಹಿರಿಯರ ಫೋನ್‌ನಲ್ಲೂ ಇದೊಂದನ್ನು ಇಂದೇ ನೋಡಿಕೊಡಿ.

• ತಪ್ಪಿ ಅಂತಹ ಎಪಿಕೆ ಹಾಕಿಬಿಟ್ಟಿದ್ದರೆ ಇಂಟರ್ನೆಟ್ ಆಫ್ ಮಾಡಿ, ಆ್ಯಪ್ ತೆಗೆದುಹಾಕಿ, ಬೇರೆ ಫೋನ್‌ನಿಂದ ಬ್ಯಾಂಕ್‌ಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ತೀರ್ಮಾನ

"ಆ್ಯಪ್‌ಗಳು ಬೇಕಿರುವುದಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತವೆ" – ಬಹುಮಟ್ಟಿಗೆ ನಿಜ. ಪ್ರತಿಯೊಂದೂ ತನ್ನದೇ ಗಂಟು ಹೊತ್ತು ತರುವುದು ಅದಕ್ಕೊಂದು ದೊಡ್ಡ ಕಾರಣ.

"ಅಪ್‌ಡೇಟ್ ಮಾಡಿದಷ್ಟೂ ಹಳೆಯದರ ಮೇಲೆ ಹೊಸದು ಸೇರಿ ಫೋನ್ ತುಂಬುತ್ತದೆ" – ಸುಳ್ಳು. ಹೊಸದು ಬಂದಾಗ ಹಳೆಯದು ಹೋಗುತ್ತದೆ. ಫೋನ್ ಜೊತೆಗೇ ಬಂದ ಆ್ಯಪ್‌ಗಳಲ್ಲಿ ಮಾತ್ರ ಮೂಲ ಪ್ರತಿ ಉಳಿದಿರುತ್ತದೆ.

"ಅಪ್‌ಡೇಟ್ ಮಾಡದಿದ್ದರೆ ಫೋನ್ ಸುರಕ್ಷಿತ" – ಅಪಾಯಕಾರಿ ಸಲಹೆ. ಗಂಟಿನೊಳಗಿನ ದೋಷ ಸರಿಯಾಗಲು ಅಪ್‌ಡೇಟ್ ಬಿಟ್ಟರೆ ಬೇರೆ ದಾರಿಯಿಲ್ಲ.

"ಫಾರ್ವರ್ಡ್‌ನಲ್ಲಿ ಬಂದ ಎಪಿಕೆಯೂ ಪ್ಲೇ ಸ್ಟೋರ್‌ನ ಆ್ಯಪ್ ಕೂಡ ಒಂದೇ" – ಸುಳ್ಳು. ಐಕಾನ್ ಒಂದೇ ಇರಬಹುದು, ಕಟ್ಟಿದ ಕೈ ಯಾರದೆಂದು ನಿಮಗೆ ತಿಳಿಯದು.

ಯಾರಾದರೂ ಎಪಿಕೆ ಕಳಿಸಿದರೆ ಅದನ್ನು ಒತ್ತಬೇಡಿ, ಮುಂದೆ ಕಳಿಸಲೂ ಬೇಡಿ. ಕಳಿಸಿದವರಿಗೆ ಒಂದು ಕರೆ ಮಾಡಿ ಕೇಳಿ. ಎಷ್ಟೋ ಸಲ ಅದು ತಮ್ಮ ಫೋನ್‌ನಿಂದ ಹೋಗಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.